ಒಂಬತ್ತು ಹಲ್ಲು, ಹತ್ತು ಹಲ್ಲು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಜಪಾನಿ. ಭೂಪಟ ಬಿಡಿಸಿಟ್ಟು ಜಪಾನ್ ಎಲ್ಲಿದೆ ತೋರಿಸಿ ಎಂದರೆ ತೋರಿಸುತ್ತಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ. ಆದರೆ ಅಲ್ಲಿಂದ ಬಂದ ಒಂದು ಗಾಡಿಯ ವಂಶಾವಳಿ ಅವರ ನಾಲಿಗೆಯ ತುದಿಯಲ್ಲಿತ್ತು. ಯಾರಾದರೂ ಬಾಯಿತಪ್ಪಿ ಲ್ಯಾಂಡ್ ಕ್ರೂಸರ್ ಅಂದರೆ ಮುಗಿಯಿತು, ಅವರ ಕಿವಿ ತೂತು ಬೀಳುವವರೆಗೆ ಭಾವ ಬಿಡುತ್ತಿರಲಿಲ್ಲ.

ಮೊದಲು ಅದಕ್ಕೆ ಆ ಹೆಸರೇ ಇರಲಿಲ್ಲವಂತೆ. ಜೀಪ್ ಎಂದೇ ಕರೆಯುತ್ತಿದ್ದರಂತೆ. ಆ ಹೆಸರು ನಮ್ಮದು ಎಂದು ಬೇರೆಯವರು ತಕರಾರು ತೆಗೆದ ಮೇಲೆ ಹೊಸ ಹೆಸರು ಹುಡುಕಿದರಂತೆ. ಅವರ ದೇಶದ ದೊಡ್ಡ ಬೆಟ್ಟದ ಆರನೆಯ ತಂಗುದಾಣದವರೆಗೆ ಹತ್ತಿ ತೋರಿಸಿತಂತೆ, ಅಲ್ಲಿನ ಪೊಲೀಸರು ಮೆಚ್ಚಿದರಂತೆ. ಆಮೇಲೆ ಇಪ್ಪತ್ತು ಬಂತು, ಅದಾದ ಮೇಲೆ ನಲವತ್ತು. ಇವು ವಯಸ್ಸಲ್ಲ, ಮಾಡೆಲ್ ನಂಬರು. ನಲವತ್ತರಲ್ಲೇ ಗಿಡ್ಡದು, ನಡುವಿನದು, ಉದ್ದದ್ದು; ಬಟ್ಟೆಯ ಮಾಡಿನದು, ತಗಡಿನ ಮಾಡಿನದು, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿಯದು. ಐವತ್ತೈದರ ಮೂತಿ ನೋಡಿ ಜನ ಹಂದಿ ಎಂದರು. ಅರವತ್ತು ಸಂಸಾರಸ್ಥರ ಗಾಡಿ. ಕೊನೆಗೆ ಎಪ್ಪತ್ತು ಬಂದು ನಲವತ್ತನ್ನು ಮನೆಗೆ ಕಳಿಸಿತು. ಇಲ್ಲಿಗೆ ಬಂದಾಗ ಭಾವನ ದನಿ ತಗ್ಗುತ್ತಿತ್ತು, ಸ್ವಂತ ಅಣ್ಣನಿಗೆ ಕೆಲಸ ಹೋದಷ್ಟು ಸಂಕಟ.

"ನಾದಿನಿಯರ ಕಾಟ ಇಲ್ಲ ಅಂತ ಈ ಮನೆಗೆ ಬಂದೆ ಕಣೇ," ಎಂದು ಅಕ್ಕ ನನ್ನ ಹತ್ತಿರ ಹೇಳುತ್ತಿದ್ದಳು. "ಬಂದು ನೋಡಿದ್ರೆ ನಲವತ್ತು, ಐವತ್ತೈದು, ಅರವತ್ತು. ಒಬ್ಬಳಿಗಿಂತ ಒಬ್ಬಳು ಜೋರು."

ನಾನು ಹೊಲಿಗೆಯವಳು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಮಿಷನ್ನು, ಹಿಂದಿನ ಶೆಡ್ಡು ಭಾವನದು, ನಡುವಿನ ಅಡುಗೆಮನೆ ಅಕ್ಕನ ರಾಜ್ಯ. ನಾನು ಹಳೆಯ ಬಟ್ಟೆಗೆ ಹೊಸ ತೋಳು ಕೂರಿಸುತ್ತಿದ್ದ ಹಾಗೆ ಅವರು ಒಂದು ಮಾಡೆಲಿನ ಬಾಗಿಲನ್ನು ಇನ್ನೊಂದಕ್ಕೆ, ಅದರ ಗೇರ್‌ಬಾಕ್ಸನ್ನು ಇದಕ್ಕೆ ಕೂರಿಸುತ್ತಿದ್ದರು. ಯಾವುದು ಯಾವುದಕ್ಕೆ ಒಗ್ಗುತ್ತದೆ ಎಂಬುದೇ ಅವರ ಕಸುಬು. ಊಟಕ್ಕೆ ಕೂತಾಗ ನಮಗೆ ಹಲ್ಲಿನ ಪಾಠ. ಆಕ್ಸಲಿನ ಹೊಟ್ಟೆಯೊಳಗೆ ಹಲ್ಲಿನ ಚಕ್ರ ಎರಡು, ಒಂದು ದೊಡ್ಡದು, ಒಂದು ಸಣ್ಣದು. ಹಳೆಯ ನಲವತ್ತರಲ್ಲಿ ಸಣ್ಣ ಚಕ್ರಕ್ಕೆ ಒಂಬತ್ತು ಹಲ್ಲು. ಕೊನೆಕೊನೆಗೆ ಬಂದ ಕೆಲವಕ್ಕೆ ಹತ್ತು. ಹೊರಗಿನಿಂದ ಎರಡೂ ಅಚ್ಚು ಒಂದೇ. ಹಿಂದೆ ಒಂಬತ್ತು, ಮುಂದೆ ಹತ್ತು ಸೇರಿಬಿಟ್ಟರೆ ಮುಂದಿನ ಚಕ್ರ ಅವಸರ ಮಾಡುತ್ತದೆ, ಹಿಂದಿನದು ಹಿಂದಕ್ಕೆ ಎಳೆಯುತ್ತದೆ, ನಡುವಿನ ಕಬ್ಬಿಣ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಹೋಗುತ್ತದೆ. ರಸ್ತೆಯಲ್ಲಿ ಹಿಂದಿನ ಎರಡೇ ಚಕ್ರದ ಬಲದಿಂದ ಓಡುವಾಗ ಈ ಜಗಳ ಗೊತ್ತೇ ಆಗುವುದಿಲ್ಲ. ಅದಕ್ಕೇ ಬೇರೆ ಆಕ್ಸಲ್ ಕೂರಿಸುವ ಮೊದಲು ಚಕ್ರ ಎತ್ತಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ನಡುವಿನ ಶಾಫ್ಟ್ ಎಷ್ಟು ಸುತ್ತು ಬಂತು ಎಂದು ಎಣಿಸಬೇಕು. ಅಕ್ಕ ಹುಳಿ ಬಡಿಸುತ್ತಾ ಇದನ್ನು ಎಷ್ಟು ಸಲ ಕೇಳಿದ್ದಳೆಂದರೆ, ಭಾವ ನಡುವೆ ನಿಲ್ಲಿಸಿದರೆ ಅವಳೇ ಮುಂದುವರಿಸುತ್ತಿದ್ದಳು.

ಶೆಡ್ಡಿನ ಮೂಲೆಯಲ್ಲಿ ಇಟ್ಟಿಗೆಗಳ ಮೇಲೆ ಭಾವನ ಸ್ವಂತದ ಉದ್ದ ನಲವತ್ತು ನಿಂತಿತ್ತು. ಮದುವೆಯಾದ ಹೊಸತರಲ್ಲಿ ಅದರಲ್ಲೇ ಅಕ್ಕನಿಗೆ ಓಡಿಸುವುದನ್ನು ಕಲಿಸಿದ್ದರು. ಆಮೇಲೆ ಎಂಜಿನ್ ಬಿಚ್ಚಿದ್ದು ಬಿಚ್ಚಿದ ಹಾಗೇ ಉಳಿಯಿತು. ಊರಿನ ಗಾಡಿಗಳನ್ನೆಲ್ಲ ಎಬ್ಬಿಸಿ ನಿಲ್ಲಿಸುವ ಮನುಷ್ಯನಿಗೆ ತನ್ನದಕ್ಕೆ ಪುರುಸೊತ್ತು ಸಿಗಲಿಲ್ಲ.

ಅಷ್ಟರಲ್ಲಿ ಅಕ್ಕನ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ಸಲ ಹೊಳೆಯಾಚೆಯ ಪೇಟೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ಒಂದು ಸರದಿ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರಿಗೇ ಕುತ್ತು ಬರುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಬಸ್ಸಿತ್ತು, ಹೇಗೋ ನಡೆಯುತ್ತಿತ್ತು. ಆ ವರ್ಷದ ನೆರೆಗೆ ಸೇತುವೆ ಕೊಚ್ಚಿಹೋಯಿತು. ನೀರು ಇಳಿದರೂ ಬಸ್ಸು ಆಚೆ ದಡದಲ್ಲೇ ನಿಲ್ಲತೊಡಗಿತು. ನಡುವೆ ಮೊಣಕಾಲುದ್ದದ ನೀರು, ಕೆಳಗೆ ಬರೀ ಉರುಟು ಕಲ್ಲು. ಟ್ರ್ಯಾಕ್ಟರುಗಳು ದಾಟುತ್ತಿದ್ದವು, ಒಂದು ದಿನ ಅಕ್ಕನನ್ನು ಅದರಲ್ಲಿ ಕೂರಿಸಿದೆವು, ಆ ಕುಲುಕಾಟಕ್ಕೆ ಕೈಯಲ್ಲಿ ಸೂಜಿ ಹಾಕುವ ಜಾಗದಿಂದ ರಕ್ತ ಸೋರಿ ಸೆರಗೆಲ್ಲ ತೊಯ್ದಿತು. ಪೇಟೆಯಲ್ಲೇ ಒಂದು ಕೋಣೆ ಹಿಡಿಯೋಣ ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ಶೆಡ್ಡು ಬಿಟ್ಟು ಭಾವ ಬರಲಿಲ್ಲ, ಭಾವನನ್ನು ಬಿಟ್ಟು ಅಕ್ಕ ಬರಲಿಲ್ಲ.

ದಾರಿ ತೋರಿಸಿದವನು ಎದುರುಮನೆಯ ಬಡಗಿ. ಕೈಯಿರುವ ಒಂದು ಕುರ್ಚಿಗೆ ಎರಡು ಗಳ ಬಿಗಿದು ತಂದ. ಅವನ ಅಂಗಡಿಯ ನಾಲ್ಕು ಜನ ಹೆಗಲು ಕೊಟ್ಟು, ಕೆಲಸಕ್ಕೆ ಹೋಗುವ ಮುಂಚೆ ಅಕ್ಕನನ್ನು ಆಚೆ ದಡಕ್ಕೆ ದಾಟಿಸುತ್ತಿದ್ದರು. ಭಾವ ಚೀಲ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ದಡದಲ್ಲಿ ಯಾರೋ ತಮಾಷೆಗೆ, ಜಪಾನಿಯ ಹೆಂಡತಿಗೆ ಗಾಡಿಯಿಲ್ಲವೇ ಎಂದರು. ಆಡಿದವನು ಮರೆತ. ಭಾವ ಅವತ್ತು ಮನೆಗೆ ಬಂದವರೇ ನಲವತ್ತರ ಮೇಲಿನ ಗೋಣಿ ಎಳೆದು ಬಿಸಾಡಿದರು.

ಊಟ ನಿದ್ದೆ ಬಿಟ್ಟು ದುಡಿದರು ಎಂದರೆ ಉತ್ಪ್ರೇಕ್ಷೆಯಲ್ಲ. ಎಂಜಿನ್ನಿಗೆ ಜೀವ ಬಂತು. ಬ್ರೇಕಿಗೆ ಬಿಗಿ ಬಂತು. ಮುಂದಿನ ಆಕ್ಸಲ್ ಮಾತ್ರ ಬಿರುಕು ಬಿಟ್ಟಿತ್ತು. ಗುಜರಿಯಿಂದ ಇನ್ನೊಂದು ಹೊತ್ತು ತಂದರು. ಹಳೆಯ ನಮೂನೆಯ ಡ್ರಮ್ ಬ್ರೇಕು ಇದೆ, ಆದ್ದರಿಂದ ಹಳೆಯ ನಲವತ್ತರದ್ದೇ ಎಂದು ತೀರ್ಮಾನಿಸಿ ಕೂರಿಸಿಬಿಟ್ಟರು. ಅಕ್ಕ ಶೆಡ್ಡಿನ ಬಾಗಿಲಲ್ಲಿ ಗೋಡೆಗೊರಗಿ ನೋಡುತ್ತಿದ್ದಳು.

"ತಿರುಗಿಸಿ ಎಣಿಸಿದ್ರಾ?" ಎಂದು ಕೇಳಿದಳು.

"ನಲವತ್ತನ್ನ ನಾನು ಎಣಿಸಬೇಕಾ? ಮುಟ್ಟಿದ್ರೆ ಗೊತ್ತಾಗತ್ತೆ."

ನನಗೆ ಮೈ ಉರಿಯಿತು, ಆದರೆ ಗಾಡಿಯ ವಿಷಯದಲ್ಲಿ ಬಾಯಿ ಹಾಕಲು ನಾನ್ಯಾರು. ಮಾರನೆಯ ದಿನ ಗಾಡಿಯನ್ನು ಬೀದಿಯಲ್ಲಿ ಓಡಿಸಿದರು, ಮಾರುಕಟ್ಟೆ ಸುತ್ತಿ ಬಂದರು, ಚೆನ್ನಾಗಿಯೇ ಓಡಿತು. ನಾಲ್ಕು ಚಕ್ರದ ಬಲ ಹಾಕಿ ನೋಡಲಿಲ್ಲ. ಗಟ್ಟಿ ರಸ್ತೆಯಲ್ಲಿ ಹಾಗೆ ಹಾಕಿದರೆ ಗಾಡಿ ಕೆಡುತ್ತದೆ, ಈ ಕಸುಬಿನವರು ಯಾರೂ ಹಾಕುವುದಿಲ್ಲ. ಹಾಕಿದ ಗಿರಾಕಿಗಳಿಗೆ ಭಾವ ಮುಖಕ್ಕೆ ಉಗಿದು ಕಳಿಸಿದ್ದುಂಟು. ಆ ಶಿಸ್ತೇ ನಮ್ಮನ್ನು ಮುಳುಗಿಸಿತು.

ಗಾಡಿ ಸಿದ್ಧವಾಗುವ ಗಡಿಬಿಡಿಯಲ್ಲಿ ಒಂದು ಸರದಿ ತಪ್ಪಿತ್ತು. ನಾಳೆ ಖಂಡಿತ, ನಾಳೆ ಖಂಡಿತ ಎನ್ನುತ್ತಾ ಭಾವ ಬಡಗಿಯ ಜನರನ್ನು ವಾಪಸು ಕಳಿಸಿದ್ದರು. ಹೊರಡುವ ದಿನ ಬೆಳಿಗ್ಗೆ ಅಕ್ಕನ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದಳು. ಬಡಗಿ ಕುರ್ಚಿ ತಂದು ಬಾಗಿಲಲ್ಲಿ ನಿಂತ. ಇವತ್ತು ಬೇಡಪ್ಪ, ನೀವು ಕೆಲಸಕ್ಕೆ ಹೋಗಿ ಎಂದರು ಭಾವ. ಅವನು ನನ್ನ ಮುಖ ನೋಡಿದ. ಕುರ್ಚಿಯನ್ನು ಅಲ್ಲೇ ಇಳಿಸಿ ಹೋದ.

ಅಕ್ಕ ಭಾವನ ಪಕ್ಕ ಕೂತಳು, ನಾನು ಹಿಂದಿನ ಸೀಟಿನಲ್ಲಿ. ಹೊಳೆಯ ಅಂಚಿನಲ್ಲಿ ಭಾವ ಇಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವಿನ ಗುಂಡಿಯನ್ನೂ ಕೈಯಲ್ಲಿ ತಿರುಗಿಸಿ ಬಿಗಿ ಮಾಡಿದರು. ಹಳೆಯ ನಲವತ್ತರಲ್ಲಿ ಹೀಗೆ ಇಳಿದು ತಿರುಗಿಸಿದರೇ ಮುಂದಿನ ಚಕ್ರಕ್ಕೆ ಬಲ ಹೋಗುವುದು. ಹತ್ತಿ ಕೂತು, ನಾಲ್ಕು ಚಕ್ರಕ್ಕೂ ಬಲ ಕೊಡುವ ಸಣ್ಣ ಹಿಡಿಯನ್ನು ತಳ್ಳಿದರು. ಅವರ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತು. ಗಾಡಿ ನೀರಿಗಿಳಿಯಿತು.

ಹೊಳೆಯ ನಡುವೆ ಸ್ಟೇರಿಂಗ್ ಬಿಗಿಯಾಯಿತು. ಗಾಡಿ ಕುಪ್ಪಳಿಸಿತು, ಮತ್ತೆ ಕುಪ್ಪಳಿಸಿತು, ಕೆಳಗಿನಿಂದ ಕಬ್ಬಿಣ ನರಳುವ ಸದ್ದು ಬಂತು. ಆಮೇಲೆ ಪಟ್ಟೆಂದು ಏನೋ ಸಿಕ್ಕಿಕೊಂಡು ನಿಂತೇಬಿಟ್ಟಿತು. ಮುಂದಕ್ಕೆ ಹೋಗಲೊಲ್ಲದು. ಸಣ್ಣ ಹಿಡಿಯನ್ನು ಎರಡು ಕೈಯಲ್ಲಿ ಎಳೆದರೂ ಹೊರಗೆ ಬರಲೊಲ್ಲದು. ನೀರು ಬಾಗಿಲ ಮೆಟ್ಟಿಲಿಗೆ ಬಡಿಯುತ್ತಿತ್ತು. ಭಾವ ಕೈಬಿಟ್ಟು ಕೂತರು. ಅವರ ಬಾಯಿಂದ ಬಂದದ್ದು ಒಂದೇ ಮಾತು.

"ಹಲ್ಲು."

ನನಗೆ ಅರ್ಥವಾಗುವ ಮುಂಚೆ ಅಕ್ಕನಿಗೆ ಅರ್ಥವಾಗಿತ್ತು. ಬೈಯಲಿಲ್ಲ. ಬೈಯಲು ಉಸಿರೂ ಇರಲಿಲ್ಲ. "ಇಳೀರಿ," ಎಂದಳು. "ಗುಂಡಿ ಬಿಚ್ಚಿ. ನಾನು ಸ್ವಲ್ಪ ಹಿಂದಕ್ಕೆ ತಗೋತೀನಿ."

ಹಿಂದಕ್ಕೆ ಒಂದಿಷ್ಟು ಸರಿದರೆ ಹಿಂಡಿದ ಕಬ್ಬಿಣ ಸಡಿಲವಾಗುತ್ತದೆ, ಆಗ ಗುಂಡಿ ತಿರುಗುತ್ತದೆ. ಅದೂ ಊಟದ ಹೊತ್ತಿನ ಪಾಠವೇ. ಭಾವ ನೀರಿಗೆ ಧುಮುಕಿದರು. ಅಕ್ಕ ಸೀಟಿನ ಮೇಲೆ ತೆವಳಿಕೊಂಡು ಸ್ಟೇರಿಂಗ್ ಹಿಂದೆ ಬಂದಳು. ಊದಿದ ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟಳು. ನಾನು ಹಿಂದಿನಿಂದ ಅವಳ ಬೆನ್ನಿಗೆ ಎರಡೂ ಅಂಗೈ ಒತ್ತಿ ಹಿಡಿದೆ. ಬೆನ್ನೊಳಗೆ ನೀರು ಗುಳುಗುಳು ಅನ್ನುವುದು ನನ್ನ ಕೈಗೆ ಕೇಳಿಸುತ್ತಿತ್ತು. ದೇವರೇ, ಆ ಕ್ಷಣ ಭಾವನನ್ನು ಕೊಂದುಬಿಡಬೇಕು ಅನ್ನಿಸಿತು ನನಗೆ.

ಗಾಡಿ ಗೇಣುದ್ದ ಹಿಂದೆ ಸರಿಯಿತು. ಒಂದು ಕಡೆಯ ಗುಂಡಿ ಬಿಚ್ಚಿತು. ಇನ್ನೊಂದು ಕಡೆಗೆ ಭಾವ ಕತ್ತಿನವರೆಗೆ ಬಗ್ಗಿ ತಡಕಾಡುತ್ತಿದ್ದರು, ಅಷ್ಟರಲ್ಲಿ ಅಕ್ಕನ ಕಾಲು ಜಾರಿತು. ಗಾಡಿ ಒಮ್ಮೆ ಜಗ್ಗಿ ಎಂಜಿನ್ ನಿಂತುಹೋಯಿತು. ಅಕ್ಕ ಸ್ಟೇರಿಂಗ್ ಮೇಲೆ ಬೋರಲಾಗಿ ಒರಗಿದಳು. ಭಾವ ಗಾಡಿಯ ಮೂತಿಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಅವಳನ್ನು ಎತ್ತಿ ಕೂರಿಸಿ, ಹಿಡ್ಕೊಳ್ಳಿ ಎಂದು ಭಾವನಿಗೆ ಕಿರುಚಿ, ನಾನು ಸೀರೆ ಎತ್ತಿಕಟ್ಟಿ ನೀರಲ್ಲಿ ಎದ್ದು ಬಿದ್ದು ಬಡಗಿಯ ಅಂಗಡಿಗೆ ಓಡಿದೆ.

ಅಂಗಡಿಯವರು ಕೈಯಲ್ಲಿದ್ದ ಉಳಿ ಬಿಸಾಡಿ ಬಂದರು. ಕುರ್ಚಿ ಇನ್ನೂ ನಮ್ಮ ಬಾಗಿಲಲ್ಲೇ ಇತ್ತು, ಅದರಲ್ಲೇ ಅಕ್ಕನನ್ನು ಹೊತ್ತು ಆಚೆ ದಡ ಸೇರಿಸಿದರು. ಆಸ್ಪತ್ರೆಯಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿದೆ, ಇಷ್ಟು ತಡ ಮಾಡಿದವರು ಯಾರು ಎಂದು ಡಾಕ್ಟರಮ್ಮ ರೇಗಿದರು. ಭಾವ ಕೈ ಎತ್ತಿದರು, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಮಗುವಿನ ಹಾಗೆ. ಅಕ್ಕ ಅವತ್ತು ಉಳಿದಳು. ಆದರೆ ಎದೆ ಸೋತಿದೆ, ಇನ್ನು ಮೊದಲಿನ ಹಾಗೆ ಆಗುವುದಿಲ್ಲ ಎಂದು ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಟ್ರ್ಯಾಕ್ಟರಿನವನು ಗಾಡಿಯನ್ನು ಎಳೆದು ತಂದು ಶೆಡ್ಡಿನಲ್ಲಿ ಬಿಟ್ಟ. ಭಾವ ಅತ್ತ ಹೋಗಲಿಲ್ಲ. ಗಿರಾಕಿ ಬಂದರೆ ಇಲ್ಲ ಅನ್ನು ಎಂದು ಅಡುಗೆಮನೆಯ ಗೋಡೆ ನೋಡುತ್ತಾ ಕೂತರು. ಮುಟ್ಟಿದರೆ ಗೊತ್ತಾಗುವ ಕೈ ಅದು. ಅದರ ಮೇಲೆ ಅವರಿಗೆ ಅಸಹ್ಯ ಹುಟ್ಟಿತ್ತು. ಕೊನೆಗೆ ಅಕ್ಕನೇ ಹಟ ಹಿಡಿದು ಶೆಡ್ಡಿನಲ್ಲಿ ಸ್ಟೂಲ್ ಹಾಕಿಸಿಕೊಂಡು ಕೂತಳು.

"ಎತ್ತಿ ತಿರುಗಿಸಿ. ನಾನು ಎಣಿಸ್ತೀನಿ."

ಭಾವ ಜಾಕು ಕೊಟ್ಟು ಎತ್ತಿದರು, ತಿರುಗಿಸಿದರು. ಹಿಂದೆ ಶಾಫ್ಟ್ ನಾಲ್ಕು ಸುತ್ತು ತುಂಬಿ ಸ್ವಲ್ಪ ದಾಟಿತು. ಮುಂದೆ ನಾಲ್ಕು ತುಂಬಲೇ ಇಲ್ಲ. ಹಿಂದೆ ಒಂಬತ್ತು ಹಲ್ಲು, ಮುಂದೆ ಹತ್ತು. ಯಾರೋ ಹಿಂದೆಂದೋ ಹಳೆಯ ಆಕ್ಸಲಿನೊಳಗೆ ಹೊಸ ಹಲ್ಲು ಕೂರಿಸಿದ್ದರು, ಭಾವ ಜೀವಮಾನವಿಡೀ ಬೇರೆಯವರ ಗಾಡಿಗೆ ಮಾಡಿದ್ದ ಕೆಲಸವನ್ನೇ. ಭಾವ ಚಕ್ರಕ್ಕೆ ಹಣೆ ಹಚ್ಚಿ ಅತ್ತರು. ಅಕ್ಕನ ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅವರ ಅಳು ಕೇಳಿದ್ದು ಅದೇ ಮೊದಲು.

"ಸರಿಮಾಡಿ ಕೊಡ್ತೀನಿ. ನಿನ್ನಾಣೆ, ಸರಿಮಾಡ್ತೀನಿ," ಎಂದರು.

"ಸರಿ ಮಾಡೋದು ಇರ್ಲಿ. ಹೋಗಿ ಕುರ್ಚಿ ಕೇಳಿ ಬನ್ನಿ," ಎಂದಳು ಅಕ್ಕ. "ನೀವೇ ಕೇಳಬೇಕು."

ಭಾವ ಎದುರುಮನೆಗೆ ಹೋದರು. ಏನು ಕೇಳಿದರೋ, ಬಡಗಿ ಎಂದೂ ಹೇಳಲಿಲ್ಲ. ಮುಂದಿನ ಸರದಿಯಿಂದ ಕುರ್ಚಿಯ ಬಲಗಡೆಯ ಗಳದ ಮುಂದಿನ ತುದಿಗೆ ಭಾವನ ಹೆಗಲು. ಮೊದಲ ದಿನ ಅವರದು ಅವಸರದ ನಡಿಗೆ, ಹಿಂದಿನವರದು ನಿಧಾನ, ಅಕ್ಕ ನಡುವೆ ಓಲಾಡಿ ಕುರ್ಚಿಯ ಎರಡೂ ಕೈ ಬಿಗಿಹಿಡಿದಳು. ಹೊಳೆಯ ನಡುವಿನಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಉಸಿರು ಸೇರಿಸಿಕೊಂಡು ಹೇಳಿದಳು: "ಜಪಾನಿಯವರೇ, ನೀವು ಹತ್ತು ಹಲ್ಲು, ಅವರು ಒಂಬತ್ತು." ಹೊತ್ತವರೆಲ್ಲ ನಕ್ಕರು. ಭಾವ ನಗಲಿಲ್ಲ. ಹೆಜ್ಜೆ ಸಣ್ಣದು ಮಾಡಿಕೊಂಡರು.

ಅಲ್ಲಿಂದ ಮುಂದೆ ಎಲ್ಲ ಸರದಿಗೂ ಅದೇ ಸಣ್ಣ ಹೆಜ್ಜೆ. ಅಕ್ಕ ಹಗುರವಾಗುತ್ತಾ ಹೋದಳು, ಹೊತ್ತವರ ಹೆಗಲಿಗೆ ಅದು ಗೊತ್ತಾಗುತ್ತಿತ್ತು. ಹೊಸ ಸೇತುವೆಗೆ ಕಂಬ ಎದ್ದಾಗ ಅದನ್ನು ನೋಡಲು ಅವಳು ಇರಲಿಲ್ಲ. ಆಸ್ಪತ್ರೆಯಲ್ಲೇ ಹೋದಳು, ಸೂಜಿ ಕೈಯಲ್ಲಿರುವಾಗಲೇ.

ಅವಳ ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ ಆಚೆ ದಡದಲ್ಲಿ ಕುರ್ಚಿ ಒಂದೇ ಉಳಿದಿತ್ತು. ಬಡಗಿಯ ಜನ ಕೈ ಹಾಕಲು ಬಂದರು, ಭಾವ ಬೇಡವೆಂದರು. ಗಳ ಬಿಚ್ಚಿ, ಕುರ್ಚಿಯನ್ನು ಒಬ್ಬರೇ ತಲೆಯ ಮೇಲೆ ಹೊತ್ತು ನೀರಿಗಿಳಿದರು. ಬರೀ ಕುರ್ಚಿ, ಏನು ಮಹಾ ಭಾರ, ಬೇಗ ದಾಟಿಬಿಡಬಹುದಿತ್ತು. ನಾನು ದಡದಲ್ಲಿ ನಿಂತು ನೋಡಿದೆ. ಹಿಂದೆ ಯಾರೂ ಇರಲಿಲ್ಲ, ಆದರೂ ಅವರು ಹೆಜ್ಜೆಯನ್ನು ಸಣ್ಣದಾಗಿಯೇ ಇಡುತ್ತಿದ್ದರು.