ಹನ್ನೊಂದು ಚುಕ್ಕಿಯ ಊರು

ನಿವೃತ್ತರಾದ ಗಂಡಸರು ಒಂದೋ ವಾಕಿಂಗ್ ಹಿಡಿಯುತ್ತಾರೆ, ಇಲ್ಲವೇ ಮನೆಯವರ ಅಡುಗೆಯಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ನಮ್ಮ ನಕ್ಷೆ ಮಾಮ ಇವೆರಡನ್ನೂ ಬಿಟ್ಟು ಹಳೆಯ ನಕ್ಷೆಗಳ ಬೆನ್ನು ಹತ್ತಿದರು. ಮೂವತ್ತಾರು ವರ್ಷ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದ ಕೈ, ಸುಮ್ಮನಿರುವುದಾದರೂ ಹೇಗೆ? ಕಚೇರಿ ರದ್ದಿಗೆ ಹಾಕಿದ ಹಾಳೆಗಳನ್ನು ಹೊತ್ತು ತಂದು ಊಟದ ಮೇಜಿನ ಮೇಲೆ ಹರಡಿ ಭೂತಗನ್ನಡಿ ಹಿಡಿಯುವರು. ಭಾನುವಾರ ಸ್ಕೂಟರ್ ಹತ್ತಿ, ಕಾಗದದಲ್ಲಿರುವ ಕಾಲುದಾರಿ, ಮುರಿದ ಸೇತುವೆ ನೆಲದ ಮೇಲೂ ಇವೆಯೇ ಎಂದು ನೋಡಿ ಬರುವರು. ಹೆಂಡತಿ ಪಾಪ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದರು.

ಆ ಮನೆಯಲ್ಲಿ ಮಾಮನ ಅತ್ತೆಯೂ ಇದ್ದರು, ಹೆಂಡತಿಯ ತಾಯಿ. ಎಂಬತ್ತಮೂರು ವರ್ಷ. ಕಿವಿ ಚುರುಕು, ಬಾಯಿ ಇನ್ನೂ ಚುರುಕು. ತಾನು ಹುಟ್ಟಿದ ಊರಿನಲ್ಲಿ ಹನ್ನೊಂದೇ ಮನೆ, ನಡುವೆ ಮೆಟ್ಟಿಲಿನ ಬಾವಿ, ಅದು ಬತ್ತಿದ ವರ್ಷ ಎಲ್ಲರೂ ಗಂಟುಮೂಟೆ ಕಟ್ಟಿದರು, ಆಗ ತನಗೆ ಒಂಬತ್ತು ವರ್ಷ ಎನ್ನುತ್ತಿದ್ದರು. ಆ ಊರನ್ನು ಬೇರೆ ಯಾರೂ ಕಂಡವರಿಲ್ಲ, ಕೇಳಿದವರಿಲ್ಲ. ಮನೆಯಲ್ಲಿ ಕನ್ನಡಕ ಕಾಣದಿದ್ದರೆ, “ಅಜ್ಜಿ ಊರಿಗೆ ಹೋಗಿರ್ಬೇಕು,” ಎಂದು ಮೊಮ್ಮಕ್ಕಳು ನಗುತ್ತಿದ್ದರು. ಮಾಮನೂ ಏನು ಕಡಿಮೆಯಲ್ಲ. “ಆ ಕಡೆ ನಕ್ಷೆ ಬರ್ದೋನೇ ನಾನು, ಅತ್ತೆ. ಅಲ್ಲಿ ಬರೀ ಕುರುಚಲು ಕಾಡು. ನಿಮಗೆ ಎಲ್ಲೋ ನೆನಪು ಕಲಸಿಹೋಗಿದೆ,” ಎಂದು ಸರ್ಟಿಫಿಕೇಟ್ ಕೊಟ್ಟುಬಿಟ್ಟಿದ್ದರು.

ಬರಬರುತ್ತ ಅತ್ತೆ ಊರಿನ ಮಾತನ್ನೇ ಬಿಟ್ಟರು. ಒಮ್ಮೆ ಮಗಳ ಹತ್ತಿರ, “ನನಗೇ ಅನುಮಾನ ಬರ್ತಿದೆ ಕಣೇ. ಊರು ಇತ್ತೋ, ನಾನೇ ಕಟ್ಕೊಂಡ್ನೋ,” ಎಂದದ್ದು ಮಾಮನ ಕಿವಿಗೆ ಬಿತ್ತು. ಅಂದು ಅವರಿಗೆ ಊಟ ಸೇರಲಿಲ್ಲ.

ಒಂದು ಬೆಳಿಗ್ಗೆ ರದ್ದಿಯ ಕಟ್ಟಿನಲ್ಲಿ ಅದೇ ಸೀಮೆಯ ಹಾಳೆ ಸಿಕ್ಕಿತು, ಮಾಮ ಹುಟ್ಟುವುದಕ್ಕೂ ಮೊದಲಿನದು. ಹಳ್ಳದ ತಿರುವಿನಲ್ಲಿ ಒಂದು ನೀಲಿ ವೃತ್ತ, ಅಂದರೆ ಬಾವಿ. ಸುತ್ತ ಚುಕ್ಕಿಗಳು, ಅಂದರೆ ಮನೆಗಳು. ಎಣಿಸಿದರು, ನಂಬಲಾರದೆ ಮತ್ತೆ ಎಣಿಸಿದರು. ಹನ್ನೊಂದು.

ಹಳ್ಳದ ಆ ತಿರುವು ತಾನು ಮೊದಲೇ ಕಂಡದ್ದೆಂದು ಮಾಮನಿಗೆ ನೆನಪಾಯಿತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಹೊಸ ಆವೃತ್ತಿಗೆಂದು ಇದೇ ನಕ್ಷೆಯನ್ನು ಪಾರದರ್ಶಕ ಫಿಲ್ಮ್ ಹಾಳೆಯ ಮೇಲೆ ಇಳಿಸಿದ ಪ್ರತಿ ಅವರ ಮೇಜಿಗೆ ಬಂದಿತ್ತು. ಊರೂರು ತಿರುಗಿ ನೋಡಿಬಂದ ಸರ್ವೆಯವರು “ಜನವಸತಿ ಇಲ್ಲ” ಎಂದು ಬರೆದಿದ್ದರು. ಜನರಿಲ್ಲದ ಮನೆಯನ್ನು ನಕ್ಷೆಯಲ್ಲಿ ಉಳಿಸಬಾರದೆಂಬುದು ಕಚೇರಿಯ ಪದ್ಧತಿ. ಮಾಮ ಹೊಸ ಬ್ಲೇಡು ತೆಗೆದು, ಒಂದೊಂದೇ ಚುಕ್ಕಿಯ ಶಾಯಿಯನ್ನು ಕಲೆಯೂ ಉಳಿಯದಂತೆ ಕೆರೆದು, ಸಾಹೇಬರಿಂದ ಭೇಷ್ ಅನ್ನಿಸಿಕೊಂಡಿದ್ದರು.

ಹಳೆಯ ಹಾಳೆಯನ್ನಷ್ಟೇ ತೋರಿಸಿ ಮನೆಯವರಿಂದ ಶಹಬ್ಬಾಸ್ ಗಿಟ್ಟಿಸಬಹುದಿತ್ತು. ಬ್ಲೇಡಿನ ವಿಷಯ ಯಾರಿಗೆ ಗೊತ್ತು? ಆದರೆ ಮಾಮನಿಗೆ ಆ ಜಾಣತನ ಹುಟ್ಟಿನಿಂದಲೇ ಇಲ್ಲ. ಅದಕ್ಕೇ ನಮಗೆಲ್ಲ ಅವರೆಂದರೆ ಪ್ರೀತಿ.

ಭಾನುವಾರ ಬಾಡಿಗೆ ಜೀಪಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಹೊರಟರು. ಹಳ್ಳದ ತಿರುವಿನಲ್ಲಿ ಇಳಿದು, ಮುಳ್ಳುಕಂಟಿ ಸರಿಸುತ್ತ, ಅತ್ತೆಯ ತೋಳು ಹಿಡಿದು ನಡೆಸಿದರು. ಬಾವಿ ಹೂತುಹೋಗಿತ್ತು. ಮೇಲಿನ ನಾಲ್ಕು ಮೆಟ್ಟಿಲು ಮಾತ್ರ ಉಳಿದಿದ್ದವು. ಅತ್ತೆ ಮೊದಲನೆಯದರ ಮೇಲೆ ಕೂತು, ಕಲ್ಲನ್ನು ಅಂಗೈಯಿಂದ ಸವರಿದರು. ಕಣ್ಣಲ್ಲಿ ನೀರು ಧಾರೆ ಧಾರೆ.

“ಅತ್ತೆ, ಊರು ಇತ್ತು. ಅದನ್ನ ನಕ್ಷೆಯಿಂದ ಕೆರೆದು ತೆಗೆದೋನು ನಾನೇ. ಸಾಲದ್ದಕ್ಕೆ ನಿಮ್ಮನ್ನೇ ಸುಳ್ಳುಗಾರ್ತಿ ಮಾಡ್ದೆ. ತಪ್ಪಾಯ್ತು,” ಎಂದು ಮಾಮ ತಲೆ ತಗ್ಗಿಸಿದರು.

ಅತ್ತೆ ಹಾಳೆಯನ್ನು ಕೇಳಿ ತೆಗೆದುಕೊಂಡು, ಚುಕ್ಕಿಗಳ ಮೇಲೆ ಬೆರಳಿಡುತ್ತ ಹೋದರು. “ಇದು ನಮ್ಮನೆ. ಇದು ಮಡಕೆ ಮಾಡೋ ದೊಡ್ಡಮ್ಮಂದು. ಇದು ಕುಂಟ ಮೇಷ್ಟ್ರದು. ಇಲ್ಲಿ ಅವಳಿ ಹುಡುಗೀರಿದ್ರು.” ಹತ್ತು ಮನೆ ಆಯಿತು. ಹನ್ನೊಂದನೆಯದರ ಮೇಲೆ ಬೆರಳು ನಿಂತಿತು. ತುಟಿ ಎರಡು ಸಲ ಅಲುಗಿತು, ಹೆಸರು ನೆನಪಿಗೆ ಬರಲಿಲ್ಲ.

ಕೊನೆಗೆ ಅತ್ತೆ ಅಳಿಯನ ಕೈ ಹಿಡಿದು ಎದ್ದರು. “ಬೇಜಾರು ಮಾಡ್ಕೋಬೇಡಿ. ಹತ್ತು ನೀವು ಕೆರೆದಿರಬಹುದು. ಇದೊಂದನ್ನ ಅಳಿಸಿದೋಳು ನಾನೇ.”