ಹಾಡಿನ ಕೆಳಗಿನ ದನಿ

ದೆವ್ವ, ಪೀಡೆ, ಗಾಳಿ ಎಂದರೆ ಮೂಗು ಮುರಿಯುವ ಪೈಕಿ ನಾನು. ಯಾರಾದರೂ ಅಂಥ ಕಥೆ ಶುರು ಮಾಡಿದರೆ ಅರ್ಧಕ್ಕೇ ತಡೆದು ಗೇಲಿ ಮಾಡುತ್ತಿದ್ದೆ. ಮದುವೆ ವಿಡಿಯೊ ಮಾಡಿ ಹೊಟ್ಟೆ ಹೊರೆದವನಿಗೆ ಜನರ ಕಣ್ಣು ಕಿವಿಗಳನ್ನು ಹೇಗೆ ಏಮಾರಿಸಬಹುದು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಶಹಾಪುರದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ವಿಡಿಯೊ ಮಿಕ್ಸಿಂಗ್ ಅಂಗಡಿ. ನಾಲ್ಕು ವರ್ಷದ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಕೆಂಭಾವಿಯಿಂದ ಪರ್ವೀನ್ ಎಂಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಒಂದು ಡಿವಿಡಿ, ಅದರ ಕವರಿನ ಮೇಲೆ ನನ್ನದೇ ಅಂಗಡಿಯ ಹೆಸರು. ಸುರಪುರದ ತವರಿನಲ್ಲಿ ಅದಕ್ಕೂ ಹದಿಮೂರು ವರ್ಷದ ಕೆಳಗೆ ನಡೆದ ಅವಳ ಮದುವೆಗೆ ಕ್ಯಾಮೆರಾ ಹಿಡಿದವನು ನಾನೇ.

"ಅಮ್ಮಿ ಹೋಗಿ ಮೂರು ತಿಂಗಳಾತ್ರಿ ಅಣ್ಣಾ," ಎಂದಳು. "ಫೋಟೊ ಬಾಳ ಅದಾವ. ದನಿ ಎಲ್ಲೂ ಇಲ್ಲ. ದಿನಾ ಒಂದೀಟು ಮರ್ತು ಹೊಂಟೀನಿ. ನನ್ನ ಕಳಿಸಿ ಕೊಡೋ ಮುಂದ ಅಮ್ಮಿ ಏನೋ ಅಂದಿದ್ಳು. ಅಳಾಕತ್ತಿದ್ದೆ, ಕೇಳಿಸ್ಲೇ ಇಲ್ಲ. ಇದರಾಗ ತುಟಿ ಅಲ್ಲಾಡೋದು ಕಾಣ್ತದ, ಮ್ಯಾಲ ಹಾಡು ಅದ. ಆ ಹಾಡು ತಗದು ಅಮ್ಮಿ ಮಾತಷ್ಟೇ ಮೊಬೈಲಿಗಿ ಹಾಕಿ ಕೊಡ್ರಿ. ಈಗ ಕಂಪ್ಯೂಟರ್‌ದಾಗ ಎಲ್ಲಾ ಆಗ್ತದಂತಲ್ರಿ."

ಆ ಕಾಲದಲ್ಲಿ ನಾವು ಕೆಲಸ ಮಾಡುತ್ತಿದ್ದ ರೀತಿ ಹೇಳಬೇಕು. ಮದುವೆ ಮನೆಯ ಸದ್ದು ಯಾರಿಗೂ ಬೇಡವಾಗಿತ್ತು. ಜನರೇಟರ್ ಗುಡುಗು, ಮಕ್ಕಳ ಚೀರಾಟ, ಪಾತ್ರೆಗಳ ಸಪ್ಪಳ. ಅದನ್ನೆಲ್ಲ ಪೂರ್ತಿ ಅಳಿಸಿ ಮೊದಲಿಂದ ಕೊನೆಯವರೆಗೆ ಹಾಡು ತುಂಬಿಬಿಡುತ್ತಿದ್ದೆವು. ಡಿವಿಡಿ ಕೊಟ್ಟ ಮೇಲೆ ಕ್ಯಾಮೆರಾದ ಅದೇ ಟೇಪಿನ ಮೇಲೆ ಇನ್ನೊಬ್ಬರ ಮದುವೆ. ಹಾಡಿನ ಕೆಳಗೆ ಏನಾದರೂ ಇದ್ದರೆ ತಾನೇ ಬೇರ್ಪಡಿಸುವುದು? ಅವಳ ತಾಯಿಯ ದನಿಯನ್ನು ಒರೆಸಿ ಹಾಕಿದವನು ನಾನು. ಹಾಗೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. "ನೋಡೂಣು, ಕೂಡು ತಂಗಿ," ಎಂದುಬಿಟ್ಟೆ. ತಾಯಿ ಕಾಣುವ ತುಣುಕುಗಳನ್ನಾದರೂ ಜೋಡಿಸಿ ಕೊಟ್ಟರಾಯಿತು ಎಂದುಕೊಂಡೆ.

ಡಿವಿಡಿ ತುಂಬ ಗೀರು. ಹಳೆಯ ಡ್ರೈವ್ ಅದನ್ನು ಓದಲು ಒದ್ದಾಡಿತು. ಒಳಗಿನ ಫೈಲುಗಳನ್ನು ಎಡಿಟಿಂಗ್ ಸಾಫ್ಟ್‌ವೇರ್ ನೇರವಾಗಿ ತೆಗೆದುಕೊಳ್ಳದೆ, ಬೇರೆ ಫಾರ್ಮ್ಯಾಟಿಗೆ ಬದಲಿಸಿ ಇಂಪೋರ್ಟ್ ಮಾಡಬೇಕಾಯಿತು. ಮುಕ್ಕಾಲು ಗಂಟೆ ಹಿಡಿಯಿತು. ಪರ್ವೀನ್ ಮೇಜಿನ ಆ ಕಡೆ ಬೆಂಚಿನ ಮೇಲೆ ಅಲುಗಾಡದೆ ಕೂತಿದ್ದಳು. ನಾನು ಹೆಡ್‌ಫೋನ್ ಹಾಕಿಕೊಂಡು ಕೊನೆಯ ಭಾಗಕ್ಕೆ ಹೋದೆ.

ಪರದೆಯ ಮೇಲೆ ಆ ತಾಯಿ ಮಗಳ ಗದ್ದ ಹಿಡಿದು ನಿಂತಿದ್ದಳು. ನಾನೇ ಹಾಕಿದ್ದ ಅಳುಬುರುಕ ಹಾಡು ನಡೆದಿತ್ತು. ಇದ್ದಕ್ಕಿದ್ದಂತೆ ಅದು ನಿಂತಿತು. ದೂರದಲ್ಲೊಂದು ಜನರೇಟರ್ ಗುರುಗುಟ್ಟುವುದು ಕೇಳಿಸಿತು. ಆಮೇಲೆ, ನನ್ನ ಕಿವಿಯ ಹತ್ತಿರವೇ, ತುಸು ಒಡಕಲು ಹೆಣ್ಣು ದನಿ:

"ರೋ ನಕ್ಕೋ ಮೈನಾ. ಚಪ್ಪಲಾಂ ಪೈನ್ ಲೇ, ಜಮೀನ್ ಜಲ್ರೀ."

ನಮ್ಮ ಕಡೆಯ ಮುಸಲ್ಮಾನರ ಮನೆಮಾತು ಎಲ್ಲರಿಗೂ ತಿಳಿಯುತ್ತದೆ. ಅಳಬೇಡ ಮೈನಾ, ಚಪ್ಪಲಿ ಹಾಕಿಕೋ, ನೆಲ ಸುಡುತ್ತಿದೆ ಎಂದಷ್ಟೇ ಅದರ ಅರ್ಥ. ಪರದೆಯ ಮೇಲಿನ ತುಟಿಗಳು ಆ ಮಾತಿಗೆ ಸರಿಯಾಗಿ ಅಲ್ಲಾಡಿದವು. ಮರುಕ್ಷಣ ಹಾಡು, ನಿಂತ ಕಡೆಯಿಂದಲ್ಲ, ನಿಲ್ಲದೆ ಹೋಗಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಂದ ಮುಂದುವರಿಯಿತು.

"ಏನಾತ್ರಿ ಅಣ್ಣಾ?" ಎಂದು ಪರ್ವೀನ್ ಎದ್ದೇಬಿಟ್ಟಳು. ನನ್ನ ಮುಖ ಹೇಗಾಗಿತ್ತೋ ಏನೋ. ಗಡಬಡಿಸಿ ಹೆಡ್‌ಫೋನ್ ಅವಳಿಗೆ ಕೊಟ್ಟು ಅದೇ ಭಾಗ ಮತ್ತೆ ಹಚ್ಚಿದೆ. ಹಾಡು. ಹಿಂದೆ ಹೋಗಿ ಮತ್ತೆ ಹಚ್ಚಿದೆ. ಹಾಡೇ. ಪರದೆಯ ಮೇಲಿನ ಸದ್ದಿನ ಗೆರೆಗಳನ್ನು ದೊಡ್ಡದು ಮಾಡಿ ನೋಡಿದರೆ ಎಲ್ಲೂ ಒಂದು ಕೂದಲೆಳೆಯಷ್ಟು ತೆರಪಿಲ್ಲ. ಡಿವಿಡಿ ಒರೆಸಿ ಮೂರು ಸಲ ಹೊಸದಾಗಿ ಇಂಪೋರ್ಟ್ ಮಾಡಿದೆ. ಸಂಜೆಯಾಯಿತು, ಬರೀ ಹಾಡು.

ಹೇಳಬೇಕೋ ಬೇಡವೋ ಎಂದು ಬಹಳ ಒದ್ದಾಡಿದೆ. ತಾಯಿ ಸತ್ತ ದುಃಖದಲ್ಲಿರುವವಳ ಮುಂದೆ ಇಲ್ಲದ್ದು ಹೇಳಿದ ಪಾಪ ಯಾಕೆ? ಆದರೆ ಮೈನಾ ಎಂಬ ಆ ಹೆಸರು ನಾನು ಎಂದೂ ಕೇಳಿದ್ದಲ್ಲ. ಕೊನೆಗೆ ಹೇಳಿಬಿಟ್ಟೆ.

"ಮೈನಾ ಅಂತ ಅಮ್ಮಿ ಒಬ್ಬಾಕೀನೇ ಕರೀತಿದ್ಳ್ರಿ. ಅದೂ ಯಾರೂ ಇಲ್ಲದಾಗ," ಎಂದಳು ಪರ್ವೀನ್. ಕಳಿಸಿಕೊಡುವ ಹೊತ್ತಿಗೆ ತಾನು ಗಡಿಬಿಡಿಯಲ್ಲಿ ಬರಿಗಾಲಲ್ಲೇ ಅಂಗಳಕ್ಕೆ ಇಳಿದಿದ್ದಳಂತೆ. ಕಣ್ಣೊರೆಸಿಕೊಂಡು, "ಅಮ್ಮಿ ಹೆಂಗ ಅಂದ್ಳು, ಹಂಗೇ ಒಮ್ಮೆ ಅನ್ರಿ," ಎಂದಳು. ಐವತ್ತು ದಾಟಿದ ಗಂಡಸು ನಾನು, ನಾಚಿಕೆಯಾಯಿತು. ಆದರೂ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದ್ದ ಆ ಏರಿಳಿತದಲ್ಲೇ ಅಂದೆ. ಅವಳು ಕಣ್ಣು ಮುಚ್ಚಿದಳು. "ಹೌದ್ರಿ. ಮೈನಾ ಅನ್ನೋ ಮುಂದ ಹಿಂಗೇ ಎಳೀತಿದ್ಳು."

ನಾನೂ ಇದಕ್ಕೆ ಕಾರಣ ಹುಡುಕದೆ ಕೂತಿಲ್ಲ. ಸದ್ದು ಪೂರ್ತಿ ಅಳಿಸದೆ ಎಲ್ಲೋ ಉಳಿಸಿದ್ದೆನೇ? ಹಾಗಿದ್ದರೆ ಎರಡನೇ ಸಲವೂ ಕೇಳಿಸಬೇಕಿತ್ತಲ್ಲ. ಅಂದು ಕ್ಯಾಮೆರಾ ಹಿಂದೆ ನಿಂತಾಗ ಕಿವಿಗೆ ಬಿದ್ದಿದ್ದ ಮಾತು ಇಷ್ಟು ವರ್ಷದ ಮೇಲೆ ನೆನಪಿನಿಂದ ಎದ್ದು ಬಂತೇ? ಆದರೆ ನಾನು ನಿಂತದ್ದು ಅಂಗಳದ ಆ ತುದಿಯಲ್ಲಿ, ಸ್ಟೂಲಿನ ಮೇಲೆ, ಜನರೇಟರ್ ಪಕ್ಕದಲ್ಲಿ. ಒಂದೂ ಪೂರ್ತಿ ಹೊಂದುವುದಿಲ್ಲ. ನನ್ನ ತಲೆ ಕೆಟ್ಟಿತ್ತು ಎನ್ನುವವರೂ ಇದ್ದಾರೆ. ಅವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಪರ್ವೀನ್ ಈಗಲೂ ಶಹಾಪುರಕ್ಕೆ ಬಂದಾಗ ಅಂಗಡಿಗೆ ಬರುತ್ತಾಳೆ. ಚಹಾ ಕುಡಿದು, ಮಕ್ಕಳ ಸುದ್ದಿ ಹೇಳಿ, ಗಿರಾಕಿಗಳು ಹೋಗುವವರೆಗೆ ಕಾಯುತ್ತಾಳೆ. ಆಮೇಲೆ, "ಒಮ್ಮೆ ಅನ್ರಿ ಅಣ್ಣಾ," ಎನ್ನುತ್ತಾಳೆ. ಅನ್ನುತ್ತೇನೆ. ಅವಳ ತಾಯಿಯ ದನಿ ಅಂತ ಈ ಲೋಕದಲ್ಲಿ ಉಳಿದಿರುವುದು ಅಷ್ಟೇ, ಅದೂ ನನ್ನ ಗಂಟಲಲ್ಲಿ. ಅದನ್ನು ಅಳಿಸಿ ಹಾಕಿದವನೂ ನಾನೇ ಎಂದು ಇನ್ನೂ ಹೇಳಲು ಆಗಿಲ್ಲ.

ಹೋದ ತಿಂಗಳು ಬಂದಿದ್ದಳು. ಎಂದಿನಂತೆ ಅಂದೆ. ಅವಳು ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕಾದಳು. ಇನ್ನೊಮ್ಮೆ ಅನ್ನಲು ಹೇಳಿದಳು. ಅಂದೆ. ಮೂರನೆಯ ಸಲವೂ ಅಂದೆ. ಕಣ್ಣು ತೆರೆದು, ನನಗೆ ನೋವಾಗದಿರಲಿ ಎಂಬಂತೆ ಮೆಲ್ಲಗೆ ಹೇಳಿದಳು:

"ಈ ಸಲ ಅಮ್ಮಿ ಬರ್ಲಿಲ್ರಿ ಅಣ್ಣಾ."