ಪಕ್ಕದ ಮನೆಯ ಚಿನ್ನಸ್ವಾಮಿ

ಗೋವಿಂದಮ್ಮ ಮೊದಲಿನಿಂದಲೂ ಕೂತಲ್ಲಿ ಕೂರುವ ಹೆಂಗಸಲ್ಲ. ಆ ನೋಟಿಸು ಬಂದ ಮೇಲೆ ನಿಂತಲ್ಲಿ ನಿಲ್ಲುವುದನ್ನೂ ಬಿಟ್ಟಳು. ಒಲೆಯ ಮೇಲೆ ಸಾರಿಟ್ಟು ಗೇಟಿಗೆ ಹೋಗುತ್ತಿದ್ದಳು, ಗೇಟಿನಿಂದ ಹಿಂದಿನ ರೂಮುಗಳನ್ನು ಒಂದು ಸುತ್ತು ನೋಡಿ ಬರುತ್ತಿದ್ದಳು, ಅಷ್ಟರಲ್ಲಿ ಸಾರು ಸೀದಿರುತ್ತಿತ್ತು. "ಒಂದ್ ಗಳಿಗೆ ಕೂತ್ಕಳಮ್ಮಿ, ನಿನ್ನ ನೋಡಿ ನಂಗೇ ತಲೆ ಸುತ್ತುತ್ತೆ," ಎಂದು ಗಂಡ ಜಗಲಿಯಿಂದ ಹೇಳಿದರೆ ಅವನ ಮೇಲೆಯೇ ರೇಗುತ್ತಿದ್ದಳು.

ನೋಟಿಸು ತಮಿಳಿನಲ್ಲಿತ್ತು. ಹೊಸೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಮುನೀಶ್ ಅದನ್ನು ಎರಡು ಸಲ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದ. ಹೊರಗಿನ ಹೆಣ್ಣುಮಕ್ಕಳು ಎಂಟು ಜನ ಬಾಡಿಗೆಗೆ ಇದ್ದಾರೆ ಎಂದರೆ ಸರ್ಕಾರದ ಲೆಕ್ಕದಲ್ಲಿ ಅದು ಮನೆಯಲ್ಲ, ಹಾಸ್ಟೆಲು. ಹಾಸ್ಟೆಲಿಗೆ ಲೈಸೆನ್ಸು ಬೇಕು. ತಪಾಸಣೆಯಲ್ಲಿ ತಪ್ಪು ಸಿಕ್ಕಿದರೆ ತಿಂಗಳೊಳಗೆ ಅಷ್ಟೂ ಹುಡುಗಿಯರನ್ನು ಖಾಲಿ ಮಾಡಿಸಬೇಕು.

"ಬಿಟ್ ಹಾಕಕ್ಕ. ಸಂಸಾರಸ್ಥರಿಗೆ ಬಾಡಿಗೆ ಕೊಡು. ಯಾವ ಲೈಸೆನ್ಸೂ ಬ್ಯಾಡ, ತಲೆನೋವೂ ಇಲ್ಲ," ಎಂದ ಮುನೀಶ್.

ಅವನಿಗೇನು ಗೊತ್ತು? ಗೋವಿಂದಮ್ಮನಿಗೆ ಹದಿನೆಂಟು ತುಂಬಿದ ವರ್ಷ ಹೊಸೂರಿನ ಒಂದು ಕಾರ್ಖಾನೆಯಿಂದ ಕೆಲಸದ ಆರ್ಡರು ಬಂದಿತ್ತು. ಜವಳಗಿರಿಯ ಹತ್ತಿರದ ಅವಳ ಊರಿನಲ್ಲಿ ಹತ್ತನೇ ಕ್ಲಾಸು ಪಾಸಾದ ಮೊದಲ ಹುಡುಗಿ ಅವಳೇ. ಅಪ್ಪ ಅವಳನ್ನು ಕರೆದುಕೊಂಡು ಮೂರು ದಿನ ಹೊಸೂರಿನ ಬೀದಿ ಬೀದಿ ಅಲೆದ. ಮದುವೆಯಾಗದ ಹುಡುಗಿ ಒಬ್ಬಳೇ ಇರುತ್ತಾಳೆಂದರೆ ಒಬ್ಬರೂ ಒಂದು ಕೋಣೆ ಕೊಡಲಿಲ್ಲ. ಕೆಲವರು ಅಪ್ಪನ ಮುಖವನ್ನೇ ಅನುಮಾನದಿಂದ ನೋಡಿದರು. ನಾಲ್ಕನೇ ದಿನ ಅಪ್ಪ ಮಗಳು ಬಸ್ಸು ಹತ್ತಿ ಊರಿಗೆ ವಾಪಸಾದರು. ಮರುವರ್ಷ ಮದುವೆಯಾಯಿತು. ಗಂಡ ಚಿನ್ನಸ್ವಾಮಿ ಒಳ್ಳೆಯವನು, ಹೊಲ ಮನೆ ಇದ್ದವನು, ದೂರುವುದಕ್ಕೆ ಏನೂ ಇರಲಿಲ್ಲ. ಆದರೂ ಆ ಮೂರು ದಿನಗಳ ಅವಮಾನ ಅವಳ ಹೊಟ್ಟೆಯಲ್ಲಿ ಹಾಗೇ ಉಳಿದುಹೋಯಿತು.

ಮಗಳ ಮದುವೆ ಮುಗಿದ ವರ್ಷವೇ ಹಟ ಹಿಡಿದು ಮನೆಯ ಹಿಂದೆ ನಾಲ್ಕು ರೂಮು ಕಟ್ಟಿಸಿದಳು. ಅವರ ಮನೆ ಹೊಸೂರಿನಿಂದ ಸಾನಮಾವಿನ ಕಡೆಗೆ ಹೋಗುವ ರಸ್ತೆಯಲ್ಲಿದೆ, ಕಂಪನಿ ಬಸ್ಸು ಬಾಗಿಲಿಗೇ ಬರುತ್ತದೆ. ಗಂಡುಹುಡುಗರು, ಸಂಸಾರಸ್ಥರು ಬಾಡಿಗೆಗೆ ಕೇಳಿದರೆ ಅವಳದು ಒಂದೇ ಮಾತು: "ನಿಮ್ಗೆ ಎಲ್ ಬೇಕಾದ್ರೂ ಸಿಗುತ್ತೆ, ಹೋಗ್ರಪ್ಪ." ಮಾಲೂರಿನಿಂದ, ಕನಕಪುರದಿಂದ, ಕಾಡಂಚಿನ ಹಳ್ಳಿಗಳಿಂದ ಬಂದ ಹುಡುಗಿಯರು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು, ಅವಳ ಗಂಡನನ್ನು ದೊಡ್ಡಪ್ಪ ಎನ್ನುತ್ತಿದ್ದರು. ಅಂಥ ರೂಮುಗಳನ್ನು ಬಿಟ್ಟುಹಾಕು ಎಂದರೆ ಹೇಗೆ ಬಿಡುವುದು?

ಬಿಡಲಿಲ್ಲ. ಕಟ್ಟಡ ಗಟ್ಟಿಯಾಗಿದೆ ಎಂಬ ಸರ್ಟಿಫಿಕೇಟು, ಬೆಂಕಿ ಆರಿಸುವ ಸಿಲಿಂಡರು, ಗೇಟಿಗೆ ಕ್ಯಾಮೆರಾ, ಬಂದು ಹೋಗುವವರ ರಿಜಿಸ್ಟರು, ಒಂದೊಂದಾಗಿ ಎಲ್ಲವನ್ನೂ ಹೊಂದಿಸಿದಳು. ಒಂದು ಆಫೀಸಿನವರು ಇನ್ನೊಂದು ಆಫೀಸಿಗೆ ಕಳಿಸಿದರು, ಅಲ್ಲಿಯವರು ಊಟಕ್ಕೆ ಹೋಗಿದ್ದರು. ಜಿಲ್ಲಾ ಕಚೇರಿಗೆಂದು ಕೃಷ್ಣಗಿರಿಗೆ ಎಷ್ಟು ಸಲ ಓಡಾಡಿದಳೆಂದರೆ ಬಸ್ ಕಂಡಕ್ಟರು ಸೀಟು ಹಿಡಿದಿಡುವಷ್ಟು ಪರಿಚಯವಾದ. ಕೊನೆಯ ನಿಯಮದ ಹತ್ತಿರ ಬಂದು ಗಾಡಿ ನಿಂತಿತು. ಹೆಂಗಸರ ಹಾಸ್ಟೆಲಿನ ಒಳಗೆ ವಾರ್ಡನ್ ಆಗಿ ಒಬ್ಬಳು ಹೆಂಗಸು ವಾಸವಿರಬೇಕು, ಗಂಡಸು ಯಾರೂ ವಾಸವಿರಬಾರದು. ಮನೆ, ರೂಮುಗಳು ಎಲ್ಲವೂ ಒಂದೇ ಗೇಟಿನೊಳಗೆ, ವಾರ್ಡನ್ ಗೋವಿಂದಮ್ಮನೇ.

"ನಾನೆಲ್ಲಿಗ್ ಹೋಗ್ಲಿ?" ಎಂದ ಚಿನ್ನಸ್ವಾಮಿ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ.

ದಾರಿ ತೋರಿಸಿದವನು ಮುನೀಶನೇ. ಜಗಲಿಗೆ ಅಂಟಿಕೊಂಡ ಮುಂದಿನ ರೂಮಿಗೆ ರಸ್ತೆಯ ಕಡೆ ಬೇರೆ ಬಾಗಿಲು, ಬೇರೆ ಮನೆ ನಂಬರು ಮಾಡಿಸಿ ನಡುಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಬಿಡುವುದು. ಆ ಇಟ್ಟಿಗೆಗಳನ್ನು ಚಿನ್ನಸ್ವಾಮಿ ತಾನೇ ಜೋಡಿಸಿದ. ಕೊನೆಯ ಸಾಲಿಗೆ ಬಂದಾಗ ಸಂದಿನಿಂದ ಹೆಂಡತಿಯನ್ನು ನೋಡಿ, "ಆಯ್ತಮ್ಮಿ, ಬತ್ತೀನಿ," ಎಂದು ನಕ್ಕ. ಗೋವಿಂದಮ್ಮನಿಗೆ ನಗು ಬರಲಿಲ್ಲ. ಅಂದಿನಿಂದ ಅವನಿಗೆ ಊಟ ಗೇಟಿನಾಚೆಯಿಂದ ಸುತ್ತಿ ಬರುತ್ತಿತ್ತು, ಬರುವಷ್ಟರಲ್ಲಿ ಮುದ್ದೆ ಆರಿರುತ್ತಿತ್ತು.

ತಪಾಸಣೆಯ ಹಿಂದಿನ ದಿನ ಮುನೀಶ್ ಇನ್ನೊಂದು ಹುಳ ಬಿಟ್ಟ. "ಅಕ್ಕಾ, ಯಜಮಾನ್ರು ನಾಳೆ ಕಣ್ಣಿಗೇ ಬೀಳ್ದೆ ಇದ್ರೆ ಒಳ್ಳೇದು. ಕೇಳುದ್ರೂ ಗಂಡ ಅನ್ಬ್ಯಾಡ. ಸುಮ್ನೆ ಯಾಕೆ ತಕರಾರು." ಅದು ಅವಳ ತಲೆ ಹೊಕ್ಕಿದ್ದೇ ಹೊಕ್ಕಿದ್ದು. ಬೆಳಗಾಗುತ್ತಲೇ ಚಿನ್ನಸ್ವಾಮಿಯನ್ನು ಹೊಲಕ್ಕೆ ಅಟ್ಟಿದಳು.

ಹನ್ನೊಂದು ಗಂಟೆಗೆ ಜೀಪು ಬಂತು. ಇನ್‌ಸ್ಪೆಕ್ಷನ್‌ಗೆ ಬಂದವರು ಭಾನು ಮೇಡಂ, ಹತ್ತಿರದ ತಳಿ ಊರಿನ ಕಡೆಯವರು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ರೂಮುಗಳನ್ನು ನೋಡಿದರು, ಕ್ಯಾಮೆರಾ ನೋಡಿದರು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಸಹನಾ ಎಂಬ ಹುಡುಗಿಯನ್ನು ಮಾತಾಡಿಸಿದರು. ಎಲ್ಲದಕ್ಕೂ ಟಿಕ್ ಹಾಕಿದರು. ಗೋವಿಂದಮ್ಮನಿಗೆ ಇನ್ನೇನು ಉಸಿರು ಬರಬೇಕು, ಅಷ್ಟರಲ್ಲಿ ಗೇಟು ಕಿರ್ ಎಂದಿತು.

ಚಿನ್ನಸ್ವಾಮಿ ಕೈಕಾಲು ತೊಳೆದು, ಹೆಗಲ ಮೇಲೆ ಬಿಳಿ ಟವೆಲು ಹಾಕಿ, ಕೈಯಲ್ಲಿ ನೀರಿನ ಚೊಂಬು ಹಿಡಿದು ಒಳಗೇ ಬಂದುಬಿಟ್ಟ. ಹೊಲದಿಂದ ಜೀಪು ಕಂಡಿತ್ತು. ಮನೆ ಬಾಗಿಲಿಗೆ ಬಂದವರಿಗೆ ಯಜಮಾನನಾದವನು ತಾನೇ ನೀರು ಕೊಡದೆ ಕಳಿಸಿದರೆ ಅದೆಂಥ ಮನೆ? ಅವನಿಗೆ ಲೈಸೆನ್ಸಿನ ಚಿಂತೆ ಇರಲಿಲ್ಲವೆಂದಲ್ಲ, ಕಾಲು ಕೇಳಲಿಲ್ಲ. "ಬಿಸ್ಲಲ್ಲಿ ಬಂದಿದ್ದೀರ. ನೀರು ತಗಳಿ ತಾಯಿ," ಎಂದ.

ಮೇಡಂ ನೀರು ಕುಡಿದು, "ಇವರು ಯಾರು?" ಎಂದು ಕೇಳಿದರು.

"ಪಕ್ಕದ್ ಮನೆಯವ್ರು," ಎಂದಳು ಗೋವಿಂದಮ್ಮ. ಮಾತು ತಾನೇ ತಾನಾಗಿ ಬಂದುಬಿಟ್ಟಿತು. ಚಿನ್ನಸ್ವಾಮಿ ಅವಳನ್ನು ನೋಡಿದ, ಆಮೇಲೆ ಖಾಲಿ ಚೊಂಬನ್ನು ನೋಡಿದ.

"ಒಳ್ಳೇದಾಯ್ತು. ಅಕ್ಕಪಕ್ಕದವರ ಹೇಳಿಕೆ ಒಂದು ಬೇಕಿತ್ತು," ಎಂದು ಮೇಡಂ ಪೆನ್ನು ತೆಗೆದರು. "ಇವರ ಹೆಸರೇನಮ್ಮ?"

ಗೋವಿಂದಮ್ಮ ಬಾಯಿ ತೆರೆದಳು. ಮದುವೆಯಾದ ಮೂವತ್ತೇಳು ವರ್ಷದಲ್ಲಿ ಆ ಹೆಸರು ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ರೇಷನ್ ಕಾರ್ಡಿಗೆ ಬರೆಸುವಾಗಲೂ ಪಕ್ಕದಲ್ಲಿದ್ದವರ ಕೈಲಿ ಹೇಳಿಸಿದ್ದಳು. ಅವಳ ಅವ್ವ, ಅಜ್ಜಿ ಯಾರೂ ಗಂಡನ ಹೆಸರು ಹಿಡಿದು ಹೇಳಿದವರಲ್ಲ. ಈಗ ಹೇಳಬೇಕು, ಹೇಳಿದರೆ ಗೆದ್ದಳು. ನಾಲಿಗೆ ಏಳಲಿಲ್ಲ. ಕೆನ್ನೆ ಕೆಂಪಾಯಿತು, ಸೆರಗು ಕೈಗೆ ಬಂತು, ಕಣ್ಣು ನೆಲಕ್ಕೆ ಹೋಯಿತು.

ಗಂಡನ ಹೆಸರು ಹೇಳದ ಹೆಂಗಸರ ನಡುವೆಯೇ ಬೆಳೆದ ತಳಿ ಕಡೆಯ ಹೆಂಗಸಿಗೆ ಇಷ್ಟು ಸಾಕಾಗದೆ? ಭಾನು ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ಯಜಮಾನ್ರಾ?"

ಗೋವಿಂದಮ್ಮ ಹೌದೆಂದು ತಲೆಯಾಡಿಸಿದಳು. ಎಂಟೂ ಹುಡುಗಿಯರು ಪೆಟ್ಟಿಗೆ ಹೊತ್ತು ಬೀದಿ ಅಲೆಯುವುದು ಅವಳ ಕಣ್ಣಿಗೆ ಕಟ್ಟಿತು.

"ಗೋಡೆ ಇದೆ, ಬಾಗಿಲು ಬೇರೆ ಇದೆ, ನಂಬರ್ ಬೇರೆ ಇದೆ. ಅಲ್ಲಿ ನಿಮ್ಮ ಯಜಮಾನ್ರೇ ಇರಲಿ, ಯಾರೇ ಇರಲಿ, ರೂಲ್ಸಿಗೆ ಅದು ಬೇಕಿಲ್ಲ," ಎಂದರು ಮೇಡಂ. "ನಿಮಗೆ ಸುಳ್ಳು ಹೇಳು ಅಂದೋರು ಯಾರಮ್ಮ?" ಹೇಳಿಕೆಯನ್ನು ಎದುರು ಮನೆಯವರಿಂದ ಬರೆಸಿಕೊಂಡು, ಲೈಸೆನ್ಸು ಹದಿನೈದು ದಿನದಲ್ಲಿ ಬರುತ್ತದೆಂದು ಹೇಳಿ ಜೀಪು ಹತ್ತಿದರು.

ಗೆದ್ದಿದ್ದಳು. ಆದರೂ ಅಡುಗೆಮನೆಗೂ ಗೇಟಿಗೂ ಓಡಾಡಿದಳು. ಕಾನೂನು ಕೇಳಿದ್ದು ಗೋಡೆಯೊಂದನ್ನೇ. ಗಂಡನನ್ನು ಗಂಡನಲ್ಲ ಎಂದದ್ದು ಅವಳದೇ ಸ್ವಂತ ಕೆಲಸ. ಸಂಜೆಯಾದರೂ ಅವನು ಬರಲಿಲ್ಲ. ಅವಳೇ ಹೊಲಕ್ಕೆ ಹೋದಳು.

ಅವನು ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ.

"ಬ್ಯಾಸರ ಆಯ್ತಾ?" ಎಂದಳು.

"ಇಲ್ಲ ಕಣಮ್ಮಿ. ಗಂಡ ಅಲ್ಲ ಅನ್ನಾಕೆ ನಿನ್ ಬಾಯಿ ತಡವರಿಸ್ಲಿಲ್ಲ. ಹೆಸರು ಹೇಳಾಕೆ ತಡವರಿಸ್ತು. ಯಾವುದ್ನ ನಂಬಾದು ಅಂತ ನೋಡ್ತಾ ಇದ್ದೆ," ಎಂದ, ಗಂಟು ಬಿಗಿಯುತ್ತಾ.

ಪಕ್ಕದ ಹೊಲದಲ್ಲಿ ನಾಲ್ಕೈದು ಜನ ಕೊತ್ತಂಬರಿ ಕೀಳುತ್ತಿದ್ದರು. ಗೋವಿಂದಮ್ಮ ಅವರ ಕಡೆ ಒಮ್ಮೆ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ ಗಟ್ಟಿಯಾಗಿ ಕರೆದಳು.

"ಚಿನ್ನಸ್ವಾಮಿ."

ಅವನ ಕೈಯಿಂದ ದಾರದ ಉಂಡೆ ಬಿತ್ತು. "ಸುಮ್ಕಿರಮ್ಮಿ. ಅವ್ರಿಗೆ ಕೇಳಿಸ್ತದೆ," ಎಂದ ಗಾಬರಿಯಿಂದ.

"ಕೇಳಿಸ್ಲಿ," ಎಂದಳು ಗೋವಿಂದಮ್ಮ.